ನೋಡಲೇಬೇಕಾದ ಹತ್ತು ಜಾಗಗಳು, ನೋಡದೆ ಬಂದ ಬೊಂಬಾಯಿ

ಮುಂಬೈಗೆ ಹೊರಟು ನಿಂತವರು ನನ್ನಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ. "ಮಾಷ್ಟ್ರೇ, ಎರಡು ದಿನ ಉಂಟು, ನೋಡಲೇಬೇಕಾದ್ದು ಯಾವುದೆಲ್ಲ?" ಕೇಳುವವರಲ್ಲಿ ಹೆಚ್ಚಿನವರು ನನ್ನ ತರಗತಿಯ ಬೆಂಚುಗಳಲ್ಲಿ ಕುಳಿತು ಎದ್ದವರು, ಉಳಿದವರು ನೆಂಟರಿಷ್ಟರು. ಯಾರದೋ ಮದುವೆ, ಯಾರದೋ ಮನೆಯೊಕ್ಕಲು, ಇಲ್ಲವೇ ಮಗಳ ಸಂದರ್ಶನದ ನೆಪದಲ್ಲಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಮತ್ಸ್ಯಗಂಧ ಗಾಡಿ ಹತ್ತುವವರು. ಕನ್ನಡ ಮಾಷ್ಟ್ರಾಗಿದ್ದವನಿಗೆ ಈ ಪ್ರಶ್ನೆಯಲ್ಲಿ ಮೊದಲು ಕಿವಿಗೆ ಬೀಳುವುದು ಆ "ಲೇಬೇಕು" ಎಂಬುದು. ಅವಧಾರಣಾರ್ಥಕ "ಏ"ಕಾರವನ್ನು ಎಂಟನೆಯ ತರಗತಿಯಲ್ಲಿ ನಿಮಗೆಲ್ಲ ಕಲಿಸಿದ್ದೇನೆ. ಅದನ್ನು ಕಂಡಲ್ಲಿ ಹಚ್ಚಬಾರದು, ಬೇರೆ ದಾರಿಯೇ ಇಲ್ಲದಲ್ಲಿ ಮಾತ್ರ ಬಳಸಬೇಕು ಎಂದೂ ಹೇಳಿದ್ದೆ. ಎರಡು ಕೋಟಿಯ ಆಸುಪಾಸಿನ ಜನ ಬದುಕುವ ಮಹಾನಗರವೊಂದರ ಮುಂದೆ ನಿಂತು "ಇದನ್ನು ನೋಡಲೇಬೇಕು" ಎಂದು ಯಾರಾದರೂ ನಿಮಗೆ ಆಜ್ಞಾಪಿಸಿದರೆ ಆ "ಏ"ಕಾರ ಎಲ್ಲಿಂದ ಬಂತು ಎಂದು ಒಂದು ಗಳಿಗೆಯಾದರೂ ಯೋಚಿಸಬೇಡವೇ?

ಆ ಪಟ್ಟಿ ನಿಮಗೆಲ್ಲ ಬಾಯಿಪಾಠ. ಗೇಟ್‌ವೇ, ಅದರೆದುರಿನ ತಾಜ್ ಹೋಟೆಲು, ಮರೀನ್ ಡ್ರೈವ್, ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್, ಹಾಜಿ ಅಲಿ, ಸಿದ್ಧಿವಿನಾಯಕ, ಬಾಂದ್ರಾ-ವರ್ಲಿ ಸೇತುವೆ, ಜುಹೂ ಕಡಲತೀರ, ಅಲ್ಲಿಂದ ಚಿತ್ರನಟರ ಬಂಗಲೆಗಳ ಗೇಟುಗಳು. ಬಂಗಲೆಗಳಲ್ಲ, ಗೇಟುಗಳು, ಒಳಗೆ ಬಿಡುವವರು ಯಾರೂ ಇಲ್ಲ. ಈ ಪಟ್ಟಿಯನ್ನು ಮಾಡಿದವರು ಯಾರು? ನಗರವನ್ನು ಪ್ರೀತಿಸಿದವರಂತೂ ಅಲ್ಲ. ಬಸ್ಸು ಎಲ್ಲಿ ನಿಲ್ಲಿಸಬಹುದು, ನಲವತ್ತು ಮಂದಿಯನ್ನು ಎಷ್ಟು ಹೊತ್ತಿಗೆ ಇಳಿಸಿ ಎಷ್ಟು ಹೊತ್ತಿಗೆ ಹತ್ತಿಸಬಹುದು ಎಂಬ ಲೆಕ್ಕದಿಂದ ಹುಟ್ಟಿದ ಪಟ್ಟಿ ಅದು. ಬಸ್ಸಿನವನ ಅನುಕೂಲ ಕ್ರಮೇಣ ಪ್ರವಾಸಿಯ ಕರ್ತವ್ಯವಾಗಿ ಮಾರ್ಪಟ್ಟಿದೆ. ಬಸ್ಸಿನವನನ್ನು ನಾನು ದೂರುವುದಿಲ್ಲ, ಅವನದು ಹೊಟ್ಟೆಪಾಡು. ಆದರೆ ಓದು ಬರಹ ಬಲ್ಲ ನಾವು ಅವನ ವೇಳಾಪಟ್ಟಿಯನ್ನೇ ನಗರದ ಸಾರವೆಂದು ಒಪ್ಪಿಕೊಳ್ಳುವುದು ನನಗೆ ಸಮ್ಮತವಿಲ್ಲ.

ದೂರದ ಮಾತನ್ನು ಮೊದಲು ಮುಗಿಸೋಣ. ಮುಂಬೈ ಉದ್ದಕ್ಕೆ ಚಾಚಿಕೊಂಡ ಊರು, ನಮ್ಮ ಕರಾವಳಿಯಂತೆ. ಚರ್ಚ್‌ಗೇಟಿನಿಂದ ವಿರಾರ್‌ಗೆ ಲೋಕಲ್ ಗಾಡಿಯಲ್ಲಿ 60 ಕಿಲೋಮೀಟರು. ಅಂದರೆ ಉಡುಪಿಯಿಂದ ಮಂಗಳೂರಿಗೆ ಹೆಚ್ಚುಕಡಿಮೆ ಎಷ್ಟೋ ಅಷ್ಟು. ಹಿಂದೆ ವಿ.ಟಿ. ಎನ್ನುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ನಮ್ಮವರು ಹೇರಳವಾಗಿ ನೆಲೆಸಿರುವ ಡೊಂಬಿವಲಿಗೆ ಸುಮಾರು 48 ಕಿಲೋಮೀಟರು. ಉಡುಪಿಯಲ್ಲಿ ಕಾಫಿ ಕುಡಿದು, ಕಾರ್ಕಳದಲ್ಲಿ ಗೊಮ್ಮಟನಿಗೆ ಕೈಮುಗಿದು, ಮಧ್ಯಾಹ್ನ ಕಟೀಲಿನಲ್ಲಿ ಊಟ ಮಾಡಿ, ಸಂಜೆ ಸೋಮೇಶ್ವರದ ಕಡಲು ನೋಡಿ, ರಾತ್ರಿ ಮಲ್ಪೆಗೆ ಮರಳುವವನನ್ನು ನಾವು ಏನೆಂದು ಕರೆಯುತ್ತೇವೆ? ಮೇಲಾಗಿ, ಇಲ್ಲಿ ಇಲ್ಲದ ಜನಸಂದಣಿ ಅಲ್ಲಿದೆ. ಹಾಗಿದ್ದೂ ಪಟ್ಟಿ ಹಿಡಿದವನು ಗೇಟ್‌ವೇಯಿಂದ ಜುಹೂವಿಗೆ ಮಕ್ಕಳು ಮರಿ ಸಹಿತ ಟ್ಯಾಕ್ಸಿಯಲ್ಲಿ ಹೊರಡುತ್ತಾನೆ, ದಿನದ ಮುಕ್ಕಾಲು ಪಾಲು ಹೊತ್ತು ಎದುರಿನ ವಾಹನದ ಹಿಂಭಾಗವನ್ನೇ ನೋಡುತ್ತಾನೆ. ಅವನು ಪ್ರಾಮಾಣಿಕನಾದರೆ ಊರಿಗೆ ಬಂದು "ಮುಂಬೈಯಲ್ಲಿ ಕಾರುಗಳ ಬೆನ್ನು ನೋಡಿದೆ" ಎನ್ನಬೇಕು.

ತಮಾಷೆಯೆಂದರೆ, ಇದೇ ಕೆಲಸವನ್ನು ಬೇರೆಯವರು ನಮ್ಮೂರಲ್ಲಿ ಮಾಡಿದಾಗ ನಮಗೆ ನಗು ಬರುತ್ತದೆ. ಘಟ್ಟದ ಮೇಲಿನಿಂದ ಬರುವ ಬಸ್ಸುಗಳನ್ನು ನೋಡಿ. ಕೃಷ್ಣ ಮಠದಲ್ಲಿ ಅರ್ಧ ಗಂಟೆ, ಮಲ್ಪೆಯಲ್ಲಿ ಅರ್ಧ ಗಂಟೆ, ಕಾಪುವಿಗೆ ಬಂದು 1901ರಲ್ಲಿ ಕಟ್ಟಿದ ದೀಪಸ್ತಂಭದ ಕೆಳಗೆ ನಿಂತು ಒಂದು ಪಟ, ಆಮೇಲೆ ದಡಬಡ ಹತ್ತಿ ಮುಂದಿನ ಕ್ಷೇತ್ರ. ದೀಪಸ್ತಂಭದಿಂದ ಕೆಲವೇ ಮೈಲಿ ಒಳಗೆ ಬಂದರೆ ನಮ್ಮ ಇನ್ನಂಜೆ, ಶಂಕರಪುರ, ಬಂಟಕಲ್ಲು. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೆಂಗಸರು ಮಲ್ಲಿಗೆಯ ಗಿಡಗಳ ನಡುವೆ ಬಗ್ಗಿ ಮೊಗ್ಗು ಬಿಡಿಸುತ್ತಿರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆಯ ನಾರಿನಲ್ಲಿ ಕಟ್ಟುವ ಕೈಗಳ ವೇಗ ನೋಡಿದರೆ ಕಣ್ಣು ತಪ್ಪುತ್ತದೆ. ಅಲ್ಲೇ ಮೇಲೆ ಕುಂಜಾರುಗಿರಿ, ಕೆಳಗೆ ಮಧ್ವಾಚಾರ್ಯರು ಹುಟ್ಟಿದ ಪಾಜಕ. ದೀಪಸ್ತಂಭದ ಪಟ ತೆಗೆದುಕೊಂಡು ಹೋದವನು ಕಾಪು ನೋಡಿದೆ ಎನ್ನುತ್ತಾನೆ. ನಾವು ಬಾಯಿಯ ಮೇಲೆ ಕೈಯಿಟ್ಟು ನಗುತ್ತೇವೆ. ಆ ನಗು ರೈಲು ಹತ್ತಿದ ಕೂಡಲೇ ಎಲ್ಲಿ ಮಾಯವಾಗುತ್ತದೋ ತಿಳಿಯದು.

ಇಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹಣ, ಹೊತ್ತು ಅವರವರದು. ನನಗೆ ಸಂಕಟವಾದದ್ದು ಬೇರೆ ಸಂಗತಿಯಿಂದ. ನನಗೆ ಬಹಳ ಬೇಕಾದ ಕುಟುಂಬವೊಂದು ನಾಲ್ಕು ದಿನ ಮುಂಬೈಗೆ ಹೋಗಿ ಬಂತು. ಆ ಮನೆಯ ಹಿರಿಯರ ತಮ್ಮ, ಎಂಬತ್ತು ದಾಟಿದವರು, ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಮಲಗಿದಲ್ಲೇ ಇದ್ದರು. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲು ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕಾರಕೂನರಾಗಿ, ತಿಂಗಳು ತಪ್ಪದೆ ಊರಿಗೆ ಮನಿಯಾರ್ಡರು ಕಳಿಸಿದವರು. ಇಲ್ಲಿಯ ಮನೆಯ ಹೆಂಚು, ತಂಗಿಯರ ಮದುವೆ, ಗದ್ದೆಯ ಬಿಡುಗಡೆ, ಎಲ್ಲದರಲ್ಲಿ ಅವರ ಬೆವರಿತ್ತು. ನಾಲ್ಕು ದಿನದ ಕಾರ್ಯಕ್ರಮದಲ್ಲಿ ಅವರಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಕೆಳಗೆ ಗಾಡಿ ಕಾಯುತ್ತಿತ್ತು, ಜುಹೂವಿನಲ್ಲಿ ಸೂರ್ಯಾಸ್ತ ತಪ್ಪುತ್ತದೆಂಬ ಆತುರ. ಸೂರ್ಯ ಮುಳುಗುವುದನ್ನು ನೋಡಲು ಕಾಪುವಿನವರು ಜುಹೂವಿಗೆ ಹೋಗಬೇಕಾಯಿತಲ್ಲ! ಮುಂದಿನ ಮಳೆಗಾಲಕ್ಕೆ ಆ ಹಿರಿಯರು ಇರಲಿಲ್ಲ. ಅವರು ಯಾವ ಬೀದಿಯ ಯಾವ ಹೋಟೆಲಿನಲ್ಲಿ ದುಡಿದರು, ಯಾವ ಶಾಲೆಯಲ್ಲಿ ಓದಿದರು ಎಂದು ಹೇಳಬಲ್ಲವರು ಈಗ ಆ ಮನೆಯಲ್ಲಿ ಒಬ್ಬರೂ ಇಲ್ಲ. ನಟನೊಬ್ಬನ ಗೇಟಿನ ಮುಂದೆ ತೆಗೆದ ಪಟ ಮಾತ್ರ ಚಾವಡಿಯ ಗೋಡೆಯಲ್ಲಿದೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. "ಜೀವನದಲ್ಲಿ ಒಮ್ಮೆ ಹೋಗುವುದು ಮಾಷ್ಟ್ರೇ, ಗೇಟ್‌ವೇ ನೋಡದೆ ಬಂದರೆ ಜನ ನಗುವುದಿಲ್ಲವೇ?" ಮೊದಲನೆಯದಾಗಿ, ಒಮ್ಮೆ ಹೋಗುವುದು ಎಂಬುದು ಸುಳ್ಳು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬೈ ನಮಗೆ ಒಂದು ರಾತ್ರಿಯ ದಾರಿ. ಹಿಂದಿನವರು ಹಡಗಿನಲ್ಲಿ, ಆಮೇಲೆ ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗುತ್ತಿದ್ದಾಗ ಬೇಕಾದರೆ ಆ ಮಾತಿಗೆ ಅರ್ಥವಿತ್ತು. ಎರಡನೆಯದಾಗಿ, ಗೇಟ್‌ವೇಯನ್ನು ನೋಡಬೇಡಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಏನನ್ನು ನೋಡುತ್ತಿದ್ದೇವೆ ಎಂದು ತಿಳಿದು ನೋಡಿ ಎನ್ನುತ್ತೇನೆ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ ಎದ್ದ ಕಮಾನು ಅದು. ಆ ದೊರೆಯಾದರೂ ಕಂಡದ್ದು ರಟ್ಟಿನ ಮಾದರಿಯನ್ನಂತೆ, ಏಕೆಂದರೆ ಕಲ್ಲಿನ ಕಟ್ಟಡ ಪೂರ್ತಿಯಾದದ್ದು 1924ರಲ್ಲಿ! ಅದೇ ಕಮಾನಿನ ಕೆಳಗಿನಿಂದ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ನಡೆದುಹೋಗಿ ಹಡಗು ಹತ್ತಿತು. ಬಂದ ಸೊಕ್ಕಿಗೆ ಕಟ್ಟಿಸಿದ ಬಾಗಿಲು ಹೋಗುವ ಬಾಗಿಲಾಯಿತು. ಇದನ್ನು ಮಕ್ಕಳಿಗೆ ಹೇಳಿ ಅಲ್ಲಿ ಹತ್ತು ನಿಮಿಷ ನಿಲ್ಲಿಸುವುದಾದರೆ ನಾನೇ ಜತೆಗೆ ಬರುತ್ತೇನೆ. ಇದು ತಿಳಿಯದವನಿಗೆ ಅದೊಂದು ದೊಡ್ಡ ಕಲ್ಲಿನ ಬಾಗಿಲು, ಸುತ್ತ ಪಾರಿವಾಳ.

ಇನ್ನು ಕೆಲವರು ಹೇಳುತ್ತಾರೆ: "ರಾತ್ರಿ ಶಾಲೆ, ಹಳೇ ಹೋಟೆಲು, ಸಂಘದ ಕಟ್ಟಡ, ಇದರಲ್ಲೆಲ್ಲ ನೋಡುವುದಕ್ಕೇನುಂಟು?" ನೋಡುವುದಕ್ಕೆ ಏನೂ ಇಲ್ಲ, ನಿಜ, ಕಣ್ಣು ಒಂದನ್ನೇ ತೆಗೆದುಕೊಂಡು ಹೋದರೆ. ಫೋರ್ಟಿನ ಬೀದಿಗಳಲ್ಲಿ ಒಂದು ಸಂಜೆ ನಡೆದು ನೋಡಿ. ಹಗಲೆಲ್ಲ ಹೋಟೆಲು ಕ್ಯಾಂಟೀನುಗಳಲ್ಲಿ ಲೋಟ ತೊಳೆದ ತುಳುನಾಡಿನ ಹುಡುಗರು ಸಂಜೆ ಕೈಯೊರೆಸಿಕೊಂಡು ಕನ್ನಡ ರಾತ್ರಿ ಶಾಲೆಗಳಿಗೆ ಓಡುತ್ತಿದ್ದ ಬೀದಿಗಳು ಅವು. ಪಾಠ ಮುಗಿಸಿ ಬಂದು ಅದೇ ಹೋಟೆಲಿನ ಟೇಬಲುಗಳನ್ನು ಜೋಡಿಸಿ ಮಲಗುತ್ತಿದ್ದರು. ಅವರಲ್ಲಿ ವಕೀಲರಾದವರು, ಬ್ಯಾಂಕಿನವರಾದವರು, ಹೋಟೆಲಿನ ಧಣಿಗಳೇ ಆದವರು ಎಷ್ಟೋ ಮಂದಿ. ಸರಕಾರ ಕೊಡದ ಶಾಲೆಯನ್ನು ಬಡವರು ತಮ್ಮ ಸಂಘಗಳಿಂದ ತಾವೇ ಕಟ್ಟಿಕೊಂಡ ಉದಾಹರಣೆ ಇದಕ್ಕಿಂತ ದೊಡ್ಡದು ನನ್ನ ಅರಿವಿನಲ್ಲಿ ಇಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ. ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಜಾತಿಯ ಹೆಸರು ಹೊತ್ತ ಸಂಘಗಳೆಂದು ಮೂಗು ಮುರಿಯುವವರು ಮುರಿಯಲಿ. ಆ ಕಾಲದಲ್ಲಿ ಹಸಿದ ಹುಡುಗನಿಗೆ ಸ್ಲೇಟು ಕೊಟ್ಟವರು ಇಂಥವರೇ. ಈಗ ಹಗಲು ಶಾಲೆಗೆ ಹೋಗದ ಹುಡುಗರು ಊರಿನಿಂದ ಬರುವುದಿಲ್ಲ, ಹಾಗಾಗಿ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚುತ್ತ ಬಂದಿವೆ. ಅದು ಒಂದು ರೀತಿಯಲ್ಲಿ ಸಂತೋಷದ ಸಂಗತಿಯೇ. ಆದರೆ ಅಲ್ಲಿ ಕಲಿತವರು ಇನ್ನೂ ಕೆಲವರು ಉಳಿದಿದ್ದಾರೆ, ಕೈಹಿಡಿದು ನಡೆಸಿಕೊಂಡು ಹೋಗಿ "ಇಲ್ಲಿತ್ತು" ಎಂದು ತೋರಿಸಬಲ್ಲವರು. ಗೇಟ್‌ವೇ ಇನ್ನೂ ನೂರು ವರ್ಷ ಅಲ್ಲೇ ಇರುತ್ತದೆ. ಇವರು ಇರುವುದಿಲ್ಲ.

ಅಲ್ಲಿಂದ ಒಂದು ದಿನ ಮಾಟುಂಗಕ್ಕೆ ಹೋಗಿ. ಸ್ಟೇಶನ್ನಿನ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಲೆಯ ಊಟಕ್ಕೆ ಮುಂಬೈಯವರೇ ಸಾಲು ನಿಲ್ಲುತ್ತಾರೆ. "ನಮ್ಮ ಮನೆಯಲ್ಲಿ ಮಾಡುವ ಸಾರನ್ನು ಉಣ್ಣಲು ಅಷ್ಟು ದೂರ ಹೋಗಬೇಕೇ?" ಎಂದು ನನ್ನ ಸೊಸೆ ಕೇಳಿದ್ದುಂಟು. ಸಾರಿಗಾಗಿ ಬೇಡ. ನಮ್ಮ ಬಡ ಅಡಿಗೆಮನೆಯ ಪದ್ಧತಿಯೊಂದು ಮಹಾನಗರದ ದುಡಿಯುವ ಜನರ ಊಟವಾಗಿ ಬೆಳೆದದ್ದು ಹೇಗೆ, "ಉಡುಪಿ" ಎಂಬ ಊರಿನ ಹೆಸರು ಅಲ್ಲಿ ಹೋಟೆಲು ಎಂಬುದಕ್ಕೆ ಪರ್ಯಾಯ ಪದವಾದದ್ದು ಹೇಗೆ ಎಂದು ತಿಳಿಯಲು ಹೋಗಿ. ಅದೇ ಮಾಟುಂಗದಲ್ಲಿ 1926ರ ಮೈಸೂರು ಅಸೋಸಿಯೇಶನ್, ಹಳಿಯ ಆಚೆ ಬದಿಗೆ 1933ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ನಾಟಕವೋ ತಾಳಮದ್ದಳೆಯೋ ಇರುವ ದಿನ ಹೋದರೆ ನಿಮ್ಮೂರಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. (ಇಲ್ಲಿ ಅವಧಾರಣೆಯನ್ನು ತಿಳಿದೇ ಬಳಸಿದ್ದೇನೆ.)

ಹೊರಡುವ ಮೊದಲು ಓದಿಕೊಳ್ಳಬೇಕಾದದ್ದೂ ಕನ್ನಡದಲ್ಲೇ ಧಾರಾಳವಾಗಿದೆ. ಉಡುಪಿಯ ಕಡೆಯವರೇ ಆದ ವ್ಯಾಸರಾಯ ಬಲ್ಲಾಳರು ಮುಂಬೈಯಲ್ಲಿದ್ದು ಬರೆದ "ಬಂಡಾಯ" ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಶವಂತ ಚಿತ್ತಾಲರ "ಶಿಕಾರಿ" 1979ರದು. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು ಇಂಗ್ಲಿಷಿಗೆ ಹೋಗಿ 2018ರ ಸಾಲಿನ ದಕ್ಷಿಣ ಏಷ್ಯಾದ ಡಿ.ಎಸ್.ಸಿ. ಪ್ರಶಸ್ತಿಯನ್ನು ಪಡೆದವು. ರೈಲಿನಲ್ಲಿ ಹದಿನಾಲ್ಕು ಗಂಟೆ ಮೊಬೈಲು ಉಜ್ಜುವ ಬದಲು ಇವುಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿಕೊಂಡರೆ, ಬೆಳಗ್ಗೆ ಕುರ್ಲಾದಲ್ಲಿ ಇಳಿಯುವಾಗ ಕಾಣುವ ಊರು ಬೇರೆಯಾಗಿರುತ್ತದೆ.

"ಹಾಗಾದರೆ ನಮ್ಮವರನ್ನು ಮಾತ್ರ ನೋಡಿ ಬರಬೇಕೇ, ಇದು ಕೂಪಮಂಡೂಕತನವಲ್ಲವೇ?" ಎಂದು ಒಬ್ಬ ಶಿಷ್ಯ ಪತ್ರ ಬರೆದಿದ್ದಾನೆ. ಜಾಣ ಪ್ರಶ್ನೆ. ಹತ್ತು ಜಾಗಗಳ ಪಟ್ಟಿಯನ್ನು ಕಿತ್ತು ಹಾಕಿ ಅದರ ಜಾಗದಲ್ಲಿ ನನ್ನ ಹತ್ತು ಜಾಗಗಳನ್ನು ಹೇರುವುದು ನನ್ನ ಉದ್ದೇಶವಲ್ಲ. ಪ್ರತಿಯೊಬ್ಬನೂ ತನ್ನ ಬದುಕಿಗೆ ತಾಗುವ ಒಂದು ಎಳೆಯನ್ನು ಹಿಡಿದು ಆ ಊರನ್ನು ಹೊಗಲಿ ಎಂಬುದಷ್ಟೇ ನನ್ನ ವಾದ. ಶಂಕರಪುರದ ಮಲ್ಲಿಗೆ ಬೆಳೆಗಾರ ತನ್ನ ಹೂವು ಮುಂಬೈಯಲ್ಲಿ ಯಾವ ಅಂಗಡಿಗೆ ತಲಪುತ್ತದೆ, ಅಲ್ಲಿ ಯಾರು ಅದನ್ನು ಮುಡಿಯುತ್ತಾರೆ, ತನಗೆ ಸಿಕ್ಕ ಬೆಲೆಗೂ ಅಲ್ಲಿಯ ಬೆಲೆಗೂ ಎಷ್ಟು ಅಂತರ ಎಂದು ನೋಡಿ ಬರಲಿ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಒಂದು ಗಂಟೆ ನಿಲ್ಲಲಿ. ಉಚ್ಚಿಲ, ಪೊಲಿಪುವಿನ ಮೀನುಗಾರರ ಮಕ್ಕಳು 1875ರ ಸಸೂನ್ ಡಾಕಿಗೆ ನಸುಕಿನಲ್ಲಿ ಹೋಗಿ ಮಲ್ಪೆ ಬಂದರಿನೊಡನೆ ಹೋಲಿಸಿ ನೋಡಲಿ. ಕಟ್ಟಡದ ಕೆಲಸ ಕಲಿಯುತ್ತಿರುವ ಹುಡುಗ ವಿ.ಟಿ. ಸ್ಟೇಶನ್ನಿನ ಎದುರು ಅರ್ಧ ದಿನ ಕೂರಲಿ, ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬವನು ಕಟ್ಟಿಸಿದ ಆ ಕಲ್ಲಿನ ಕೆತ್ತನೆಯಲ್ಲಿ ಹಕ್ಕಿ, ಎಲೆ, ಮೃಗಗಳನ್ನು ಎಣಿಸಿ ಮುಗಿಸಲಾಗದು. ಅದು 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೆ ನಾನು ಕಳಿಸುವುದು ಪಟ್ಟಿಯ ಕಾರಣಕ್ಕಲ್ಲ.

ಕನ್ನಡ ಓದಿದವರಿಗೆ ಒಂದು ಜಾಗ ಮಾತ್ರ ನಾನು ಒತ್ತಿ ಹೇಳುವವನು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ ಕಾಡಿನ ನಡುವೆ ಕನ್ಹೇರಿ ಎಂಬ ಬೌದ್ಧ ಗುಹೆಗಳಿವೆ, ನೂರಕ್ಕೂ ಮಿಕ್ಕಿ. ಕ್ರಿಸ್ತಪೂರ್ವದಲ್ಲಿ ಕೊರೆಯತೊಡಗಿದ ಈ ಗುಹೆಗಳಲ್ಲಿ ಸಾವಿರ ವರ್ಷ ಭಿಕ್ಷುಗಳು ಬಾಳಿದರು. ಮಳೆನೀರನ್ನು ಹಿಡಿದಿಡಲು ಬಂಡೆಯಲ್ಲೇ ಕಡಿದ ತೊಟ್ಟಿಗಳು ಗುಹೆಗುಹೆಗೂ ಇವೆ; ಬಾವಿ ಬತ್ತುವ ಏಪ್ರಿಲ್ ತಿಂಗಳಲ್ಲಿ ನಮ್ಮ ಪಂಚಾಯತಿನವರನ್ನು ಅಲ್ಲಿಗೆ ಕಳಿಸಬೇಕು. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಅವನ ಸಾಮಂತರಾಗಿ ಕೊಂಕಣವನ್ನಾಳಿದ ಶಿಲಾಹಾರರ ಹೆಸರಿದೆ. ಯಾವ ಅಮೋಘವರ್ಷ? "ಕವಿರಾಜಮಾರ್ಗ" ಹುಟ್ಟಿದ ಆಸ್ಥಾನದ ಅದೇ ನೃಪತುಂಗ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಹೆಸರು ಮುಂಬೈ ಮಹಾನಗರದ ಎಲ್ಲೆಯೊಳಗೆ ಕಲ್ಲಿನ ಮೇಲೆ ಕುಳಿತಿದೆ. ಪಟ್ಟಿ ಹಿಡಿದವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋದರು? ಚಿತ್ರನಟನ ಗೇಟಿನ ಮುಂದೆ ಕಾದದ್ದರ ಅರ್ಧ ಹೊತ್ತು ಸಾಕು.

ಕೆಲವು ವ್ಯಾವಹಾರಿಕ ಮಾತುಗಳು. ಒಂದು ದಿನಕ್ಕೆ ಒಂದೇ ದಿಕ್ಕು: ದಕ್ಷಿಣಕ್ಕೆ ಹೋದ ದಿನ ಉತ್ತರದ ಯೋಚನೆ ಬೇಡ. ಲೋಕಲ್ ಗಾಡಿಯಲ್ಲಿ ಬೆಳಗ್ಗೆ ಹನ್ನೊಂದರ ಮೇಲೆ, ಸಂಜೆ ನಾಲ್ಕರ ಒಳಗೆ ಓಡಾಡಿ. ಆಫೀಸಿನ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನೂ ಮುದುಕರನ್ನೂ ಹತ್ತಿಸುವುದು ಸಾಹಸವಲ್ಲ, ಅವಿವೇಕ. ಎಲಿಫೆಂಟಾಕ್ಕೆ ಹೋಗುವುದಾದರೆ ದೋಣಿಯಲ್ಲಿ ಒಂದು ಗಂಟೆ ಹೋಗಲು, ಒಂದು ಗಂಟೆ ಬರಲು. ಆ ಮೂರು ಮುಖದ ಶಿವನ ಎದುರು ಗಡಿಯಾರ ನೋಡುವುದಾದರೆ ಹೋಗಲೇಬೇಡಿ. ಮಳೆಗಾಲದಲ್ಲಿ ಕಡಲು ಕೆಟ್ಟರೆ ದೋಣಿ ಬಿಡುವುದಿಲ್ಲ.

ಮುಂಬೈಯಲ್ಲಿಯೇ ನೆಲೆಸಿ ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು ಇದೆ. ಊರಿನಿಂದ ಬಂದವರಿಗಾಗಿ ನೀವು ಎರಡು ದಿನ ರಜೆ ಹಾಕಿ, ಸಾವಿರಾರು ರೂಪಾಯಿ ಟ್ಯಾಕ್ಸಿಗೆ ಸುರಿದು, ನಿಮಗೇ ಆಸಕ್ತಿಯಿಲ್ಲದ ಜಾಗಗಳನ್ನು ಹತ್ತನೆಯ ಬಾರಿ ತೋರಿಸುತ್ತೀರಿ. ನಿಮ್ಮ ಮನೆಯಾಕೆ ನಾಲ್ಕು ಗಂಟೆಗೆ ಎದ್ದು ಅಷ್ಟು ಮಂದಿಗೆ ತಿಂಡಿ ಕಟ್ಟುತ್ತಾಳೆ. ಅದರ ಬದಲು ಅವರನ್ನು ನೀವು ದಿನವೂ ಹೋಗುವ ದಾರಿಯಲ್ಲಿ ಕರೆದುಕೊಂಡು ಹೋಗಿ. ನಿಮ್ಮ ಸ್ಟೇಶನ್ನು, ನಿಮ್ಮ ಕಚೇರಿಯ ಬಾಗಿಲು, ಬಂದ ಹೊಸತರಲ್ಲಿ ನಾಲ್ವರು ಸೇರಿ ಮಲಗುತ್ತಿದ್ದ ಕೋಣೆ, ನೀವು ಮೊದಲ ಸಂಬಳದಲ್ಲಿ ಊಟ ಮಾಡಿದ ಜಾಗ. ನಿಮ್ಮ ತಾಯಿಗೆ ನೋಡಬೇಕಾಗಿರುವುದು ಅದು. ಕೇಳಲು ಆಕೆಗೆ ಸಂಕೋಚ, ಅದಕ್ಕೇ ಗೇಟ್‌ವೇ ಎನ್ನುತ್ತಾಳೆ.

ಇನ್ನು ಹೊರಡುವವರು ಗಮನಿಸಿ: ಸೋಮವಾರ ಎಲಿಫೆಂಟಾವೂ ಕನ್ಹೇರಿಯೂ ಮುಚ್ಚಿರುತ್ತವೆ. ಆ ದಿನವನ್ನು ಡೊಂಬಿವಲಿಗೆ ಇಟ್ಟುಕೊಳ್ಳಿ. ಹೋಗುವಾಗ ಒಂದು ಚೆಂಡು ಮಲ್ಲಿಗೆ, ನಾಲ್ಕು ಹಪ್ಪಳ, ಒಂದಿಷ್ಟು ಮಿಡಿ ಉಪ್ಪಿನಕಾಯಿ ಇರಲಿ, ಕೆಳಗೆ ಗಾಡಿ ಕಾಯುವುದು ಬೇಡ.